ವಾರಿಜಕ್ಕನ ಮನೆಯ ಹನ್ನೆರಡು ಪ್ಲೇಟು

ತೆಂಗಿನ ಸಿಪ್ಪೆಯ ಹೊಗೆ ಮೂಗಿಗೆ ಬಡಿದರೆ ನನಗೆ ಹಾಡು ನೆನಪಾಗುತ್ತದೆ. ಹೀಗೆಂದರೆ ಜನ ನಗುತ್ತಾರೆ, ನಗಲಿ. ಬ್ರಹ್ಮಾವರದಲ್ಲಿ ನಾನೀಗ ಇರುವ ಬಾಡಿಗೆ ಮನೆಯ ಪಕ್ಕದವರು ಇವತ್ತಿಗೂ ಬಚ್ಚಲ ಒಲೆಗೆ ಬೆಂಕಿ ಹಾಕಿಯೇ ಮೀಯುವವರು. ಮಳೆಗಾಲದ ಬೆಳಿಗ್ಗೆ ಒದ್ದೆ ಸಿಪ್ಪೆ ಹೊತ್ತಿಕೊಳ್ಳದೆ, ಹೊಗೆ ಮಾತ್ರ ಎದ್ದು ನಮ್ಮ ಕಿಟಕಿಯೊಳಗೆ ನುಗ್ಗುತ್ತದೆ. ನನ್ನ ಹೆಂಡತಿ ಬೈಯುತ್ತಾ ಕಿಟಕಿ ಹಾಕುತ್ತಾಳೆ. ನಾನು ಬಾಯಲ್ಲಿ ಬ್ರಶ್ ಇಟ್ಟುಕೊಂಡು ನಿಂತಲ್ಲೇ ಕಿರಿಮಂಜೇಶ್ವರದ ಒಂದು ಮಳೆಗಾಲಕ್ಕೆ ಹೋಗಿಬಿಡುತ್ತೇನೆ. ಆ ಮಳೆಗಾಲದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಮುಚ್ಚಿಡಲು ಕರೆಂಟು ಬಿಲ್ಲಿನಲ್ಲಿ ಒಂದು ಸುಳ್ಳು ಬರೆದೆ. ಎರಡೂ ಒಂದೇ ಮನೆಗೆ ಸಂಬಂಧಪಟ್ಟವು.

ಆಗ ನಾನು ಮೀಟರ್ ಓದುವವನು. ಹೆದ್ದಾರಿಗೂ ಕಡಲಿಗೂ ನಡುವಿನ ಮನೆಗಳು ನನ್ನ ಪಾಲಿಗೆ ಬಂದಿದ್ದವು. ಹೆಗಲಿಗೆ ಬಿಲ್ಲು ಮುದ್ರಿಸುವ ಯಂತ್ರ, ಅದಕ್ಕೊಂದು ಪ್ಲಾಸ್ಟಿಕ್ ತೊಟ್ಟೆ, ನನಗೊಂದು ರೇನ್‌ಕೋಟು. ಯಂತ್ರ ಒದ್ದೆಯಾದರೆ ಮೇಲಿನವರು ಕೇಳುತ್ತಿದ್ದರು, ನಾನು ಒದ್ದೆಯಾದರೆ ಯಾರೂ ಕೇಳುತ್ತಿರಲಿಲ್ಲ. ಮೀಟರ್ ಓದುವವನನ್ನು ಯಾರೂ ಕೂರಿ ಅನ್ನುವುದಿಲ್ಲ. ನಾಯಿ ಕೂಡ ನಮ್ಮನ್ನು ತಿಂಗಳಿಗೊಮ್ಮೆ ಹೊಸಬರೆಂದೇ ನೋಡುತ್ತದೆ. ನನಗೂ ಕೂರುವ ಆಸೆಯೇನೂ ಇರಲಿಲ್ಲ. ಸಂಖ್ಯೆ ಒತ್ತಬೇಕು, ಚೀಟಿ ಹರಿದು ಕೊಡಬೇಕು, ಮುಂದಿನ ಮನೆಗೆ ಹೋಗಬೇಕು.

ಹಾಡು ಎಂದರೆ ನನಗೆ ಎರಡೇ ಜಾತಿ ಗೊತ್ತಿದ್ದದ್ದು, ಸಿನಿಮಾದ್ದು ಮತ್ತು ಆಟದ್ದು. ಆಟವೆಂದರೆ ಯಕ್ಷಗಾನ. ವಂಡ್ಸೆಯ ನಮ್ಮ ಮನೆಯಿಂದ ಬೈಕಿನಲ್ಲಿ ಬರುವಾಗ ಕಿವಿಗೆ ವೈರು ಸಿಕ್ಕಿಸಿಕೊಂಡರೆ ಅದೇ ಇಪ್ಪತ್ತು ಮೂವತ್ತು ಹಾಡು, ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುವುದು. ಮರವಂತೆಯಲ್ಲಿ ರಸ್ತೆಯ ಪಕ್ಕಕ್ಕೇ ಕಡಲು ಬರುವಷ್ಟರಲ್ಲಿ ಎಲ್ಲವೂ ಒಂದು ಸುತ್ತು ಮುಗಿದಿರುತ್ತಿತ್ತು.

ಜೂನ್ ತಿಂಗಳ ಸುತ್ತಿನಲ್ಲಿ ಒಂದು ಹಂಚಿನ ಮನೆಯ ಜಗುಲಿಯಲ್ಲಿ ಮೀಟರಿಗೆ ಟಾರ್ಚ್ ಬಿಟ್ಟು ನಿಂತಿದ್ದೆ. ಒಳಗಿನಿಂದ ಒಂದು ಕಹಳೆಯ ದನಿ ಬಂತು. ನಮ್ಮ ಕೊಂಬು ಅಲ್ಲ, ಮದುವೆಯ ಬ್ಯಾಂಡೂ ಅಲ್ಲ. ಯಾರೋ ಜಗಳ ಮಾಡಿ ಸೋತು, ಮನೆಗೆ ಬಂದು, ಬಾಗಿಲ ಹತ್ತಿರ ಕೂತು ಒಬ್ಬರೇ ಮಾತಾಡಿಕೊಂಡಂತೆ ಇತ್ತು. ಓದಿದ ಸಂಖ್ಯೆ ಮರೆತುಹೋಯಿತು. ಎರಡನೇ ಸಲ ಓದಿದೆ, ಅದನ್ನೂ ಮರೆತೆ. ಅಷ್ಟರಲ್ಲಿ ಕರೆಂಟು ಹೋಯಿತು. ಕಹಳೆಯವನ ದನಿ ದಪ್ಪವಾಗುತ್ತಾ, ನಿದ್ದೆ ಬಂದವನ ಮಾತಿನಂತೆ ಎಳೆಯುತ್ತಾ ನಿಂತೇ ಹೋಯಿತು. ಬಿಳಿ ತಲೆಯ ಒಬ್ಬ ಹೆಂಗಸು ಹೊರಗೆ ಬಂದು ನನ್ನ ಯಂತ್ರವನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ಕಾಣಿ ಮೀಟರಣ್ಣ, ನಿಮ್ಮೋರ್ ಮತ್ತೊಂದ್ ಹಾಡ್ ಕೊಂದ್ರ್" ಎಂದರು.

ಅವರೇ ವಾರಿಜಕ್ಕ. ಗಂಡ ಸಂಜೀವಣ್ಣ ಮುಂಬೈಯಲ್ಲಿ ಹೋಟೆಲು ನಡೆಸಿದವರು. ಆ ವರ್ಷ ಬೇಸಿಗೆಯಲ್ಲಿ ಪಾಲು ಬಿಟ್ಟುಕೊಟ್ಟು ಗಂಡ ಹೆಂಡತಿ ಊರಿಗೆ ವಾಪಸಾಗಿದ್ದರು. ಮುಂಬೈಯಲ್ಲಿ ಅವರ ಬಿಡಾರ ಹೋಟೆಲಿನ ಮೇಲಿನ ಕೋಣೆಯಲ್ಲಿ. ಕೆಳಗೆ ಫುಟ್‌ಪಾತಿನಲ್ಲಿ ಹಳೆ ಸಾಮಾನಿನವನೊಬ್ಬ ಗ್ರಾಮಫೋನ್ ಪ್ಲೇಟು ಮಾರುತ್ತಿದ್ದನಂತೆ. ಗಿರಾಕಿಗೆ ತೋರಿಸಲಿಕ್ಕೆಂದು ಅವನು ಹಾಕಿದ ಒಂದು ಪ್ಲೇಟು ಮೇಲಿನ ಕಿಟಕಿಗೆ ಕೇಳಿಸಿತು. ಇವರು ಕೈಯಲ್ಲಿದ್ದ ಲಟ್ಟಣಿಗೆ ಸಮೇತ ಇಳಿದು ಹೋಗಿ ಅದನ್ನು ತಂದರು. ಆಮೇಲೆ ಮೂವತ್ತು ವರ್ಷ ತರುತ್ತಲೇ ಇದ್ದರು. ಇಂಗ್ಲಿಷ್ ಓದಲು ಬಾರದು, ಹಾಗಾಗಿ ಕವರಿನ ಚಿತ್ರ ನೋಡಿ ಆರಿಸುವುದು. ಒಂದರೊಳಗೆ ಕವ್ವಾಲಿ ಸಿಕ್ಕಿತು, ಇನ್ನೊಂದರೊಳಗೆ ಇಗರ್ಜಿಯ ಆರ್ಗನ್ನು, ಮತ್ತೊಂದರಲ್ಲಿ ಆಫ್ರಿಕಾದ ಗಿಟಾರು, ಸಾರಂಗಿ, ಶಹನಾಯಿ, ಯಾವ ದೇಶದ್ದೆಂದು ಯಾರಿಗೂ ಗೊತ್ತಿಲ್ಲದ ಹೆಂಗಸರ ಕೋರಸ್ಸು. ಊರಿಗೆ ಬರುವಾಗ ಅವನ್ನೆಲ್ಲ ಪೆಟ್ಟಿಗೆಗಳಲ್ಲಿ ಹಾಕಿ ತಂದಿದ್ದರು. ಸಂಜೀವಣ್ಣ ಬಂದವರಿಗೆಲ್ಲ ಇದನ್ನೇ ಹೇಳುವುದು: "ಈ ತಗ್ಡೆಲ್ಲ ಲಾರಿಯಂಗೆ ಬಂತ್, ನಾನ್ ಬಸ್ಸಂಗೆ ನಿತ್ಕಂಡ್ ಬಂದೆ." ಅವರಿಗೆ ಬಲಗಿವಿ ಸ್ವಲ್ಪ ಮಂದ. ಹಾಡು ಶುರುವಾದರೆ ಎಡಗಿವಿಯನ್ನೂ ದಿಂಬಿಗೆ ಒತ್ತಿಕೊಂಡು ಮಲಗುತ್ತಿದ್ದರು.

ವಾರಿಜಕ್ಕ ಪ್ಲೇಟುಗಳನ್ನು ವಿಂಗಡಿಸಿದ ಕ್ರಮ ಬೇರೆ ಎಲ್ಲಿಯೂ ನೋಡಸಿಗದು. ಪ್ರತಿ ಕವರಿಗೆ ರವಿಕೆ ಬಟ್ಟೆಯ ಒಂದು ತುಂಡು ಅಂಟಿಸಿದ್ದರು. ಕೆಂಪು ತುಂಡಿನದ್ದು ಜಗಳ ಮುಗಿದ ಮೇಲೆ ಕೇಳುವುದು, ನಾನು ಜಗುಲಿಯಲ್ಲಿ ಕೇಳಿದ ಕಹಳೆ ಆ ಪೈಕಿ. ಹಳದಿಯದ್ದು ಮಸಾಲೆ ಅರೆಯುವಾಗಿನದ್ದು, ಅದರಲ್ಲಿ ಡೋಲಕ್ಕಿನ ಕವ್ವಾಲಿಯೂ ಆಫ್ರಿಕಾದ ಗಿಟಾರೂ ಒಟ್ಟಿಗೇ ಇದ್ದವು. ಆರ್ಗನ್ನಿಗೆ ಬಿಳಿ, ಮಳೆ ಬಿಡದ ದಿನಕ್ಕೆಂದು. ನೀಲಿಯದ್ದು ಯಾವಾಗ ಕೇಳುವುದು ಎಂದು ಕೇಳಿದೆ. ಅದು ಯಾವುದಕ್ಕೂ ಅಲ್ಲ, ಸುಮ್ಮನೆ ಎಂದರು. ಹಸಿರು ತುಂಡು ಒಂದೇ ಒಂದು ಪ್ಲೇಟಿಗಿತ್ತು. ಅವರು ಲಟ್ಟಣಿಗೆ ಹಿಡಿದು ಇಳಿದು ಹೋಗಿ ತಂದದ್ದು ಅದು. ಕವರಿನ ಮೇಲೊಂದು ದೋಣಿ, ಗುರುತು ಸಿಗದ ಅಕ್ಷರಗಳು. ಅದನ್ನು ಹಾಕಿ ಎಂದೆ. ನನ್ನ ಕಿವಿ ಇನ್ನೂ ಹದ ಆಗಬೇಕಂತೆ, ಮಳೆಗಾಲ ಮುಗಿಯುವಾಗ ಕೊನೆಗೆ ಹಾಕುತ್ತೇನೆ ಎಂದರು. ಕರೆಂಟು ಆಫೀಸಿನವನಿಗೆ ಹದ ಆಗು ಎಂದು ಹೇಳಿದವರು ಅವರೊಬ್ಬರೇ.

ಹೀಗೆ ತಿಂಗಳಿಗೊಮ್ಮೆ ಹೋಗಬೇಕಾದವನು ಭಾನುವಾರ ಭಾನುವಾರ ಹೋಗತೊಡಗಿದೆ. ಅವರ ಮನೆಯಲ್ಲಿ ಒಂದು ಸಲಕ್ಕೆ ಒಂದೇ ಪ್ಲೇಟು. ಎರಡೂ ಮಗ್ಗುಲು ಪೂರ್ತಿ ಕೇಳಬೇಕು, ಹಾಡಿನಿಂದ ಹಾಡಿಗೆ ಹಾರುವಂತಿಲ್ಲ, ನಡುವೆ ಮಾತಿಲ್ಲ. ಒಂದು ಮಗ್ಗುಲು ಮುಗಿದಾಗ ಅವರು ಎದ್ದು, ಸೆರಗಿನಿಂದ ಕೈ ಒರೆಸಿಕೊಂಡು, ಪ್ಲೇಟು ತಿರುಗಿಸಿ ಮತ್ತೆ ಬಂದು ಕೂರುತ್ತಿದ್ದರು. ಎಲ್ಲ ಮುಗಿದ ಮೇಲೆ ನಾನು ಏನಾದರೂ ಹೇಳಲೇಬೇಕಿತ್ತು. ಚೆನ್ನಾಗಿತ್ತು ಎಂದರೆ ಒಪ್ಪುತ್ತಿರಲಿಲ್ಲ. ಊಟ ಚೆನ್ನಾಗಿತ್ತು ಎನ್ನುವವ ಏನು ಉಂಡ ಎಂದು ಹೇಳಲಿ, ಎನ್ನುವುದು ಅವರ ವಾದ. ಮೊದಮೊದಲು ನಾನು ಹೇಳಿದ್ದೆಲ್ಲ ತಪ್ಪೇ. ನಾಲ್ಕನೇ ವಾರದ ಹೊತ್ತಿಗೆ ಆಫ್ರಿಕಾದ ಗಿಟಾರಿನವರಲ್ಲಿ ಒಬ್ಬ ಬೇಕೆಂದೇ ಹಿಂದೆ ಬೀಳುತ್ತಾನೆ ಅಂದೆ. ಅವರು ಒಳಗೆ ಹೋಗಿ ಇನ್ನೊಂದು ಗೋಳಿಬಜೆ ತಂದು ತಟ್ಟೆಗೆ ಹಾಕಿದರು. ಅಷ್ಟು ಖುಷಿ ನನಗೆ ಈ ಕೆಲಸ ಸಿಕ್ಕಾಗಲೂ ಆಗಿರಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಅನುಮಾನ ಬಂತು. ಇಪ್ಪತ್ತೊಂಬತ್ತಾದರೂ ಮದುವೆಗೆ ಒಪ್ಪದ ಮಗ ಭಾನುವಾರ ಮಿಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರೆ ಯಾವ ತಾಯಿಗೂ ಬರುವ ಅನುಮಾನ ಅದು. ಕಿರಿಮಂಜೇಶ್ವರದಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಅರವತ್ತು ದಾಟಿದವರೊಬ್ಬರು ಎಂದೆ. ಅಮ್ಮ ಎರಡು ದಿನ ಮಾತು ಬಿಟ್ಟಳು.

ಒಮ್ಮೆ ನಾನು, ಇಷ್ಟು ಕೇಳಿದ್ದೀರಿ, ನೀವೂ ಹಾಡುತ್ತೀರಾ ಎಂದು ವಾರಿಜಕ್ಕನನ್ನು ಕೇಳಿದೆ. ಅವರಿಗದು ಸೇರಲಿಲ್ಲ.

"ನಂಗ್ ಹಾಡೂಕ್ ಬತ್ತಿಲ್ಲೆ ಮಗಾ. ಕೇಂಬುಕ್ ಬತ್ತ್, ಅಷ್ಟೇ" ಎಂದು ಕವರು ಮುಚ್ಚಿದರು.

ಆಷಾಢ ಬಂತು. ಕಡಲ ಬದಿಯ ಆಷಾಢದಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಸತ್ತೇ ಹೋಗುತ್ತದೆ, ಚಪ್ಪಲಿಗೆ ಗಡ್ಡ ಬರುತ್ತದೆ. ವಾರಿಜಕ್ಕ ಮೂವತ್ತು ವರ್ಷದಿಂದ ಇದನ್ನು ಮರೆತಿದ್ದರು. ಮುಂಬೈಯಲ್ಲಿ ಅವರ ಪ್ಲೇಟುಗಳು ಇದ್ದದ್ದು ಹೋಟೆಲಿನ ಅಡುಗೆಮನೆಯ ನೇರ ಮೇಲೆ, ವರ್ಷವಿಡೀ ಬೆಚ್ಚಗೆ. ಇಲ್ಲಿ ಒಂದು ಭಾನುವಾರ ಪೆಟ್ಟಿಗೆ ತೆರೆದರೆ ಕಪ್ಪು ಪ್ಲೇಟುಗಳ ಮೇಲೆಲ್ಲ ಬಿಳಿ ಬೂಸು. ಸೂಜಿ ಇಟ್ಟರೆ ಹಾಡಿನ ಬದಲು ಒಗ್ಗರಣೆಯ ಸದ್ದು. ಅಂಟುವಾಳದ ನೀರಿನಲ್ಲಿ ತೊಳೆದು, ಹಳೆ ಸೀರೆಯಿಂದ ಒತ್ತಿ, ಒಳಕೋಣೆಯಲ್ಲಿ ಸಾಲಾಗಿ ಒರಗಿಸಿಟ್ಟರು. ಒಣಗಲಿಲ್ಲ. ನಾಲ್ಕೇ ದಿನಕ್ಕೆ ಮತ್ತೆ ಬೂಸು. ಈ ಮಳೆಗಾಲ ದಾಟುವಾಗ ಒಂದಾದರೂ ಉಳಿಯುತ್ತದೋ ಇಲ್ಲವೋ ಎಂದು ಅವರು ಹೇಳಿದ್ದು ತಣ್ಣಗೇ. ಆದರೆ ಆ ದಿನ ಹಾಡು ಹಾಕಲಿಲ್ಲ, ನನ್ನನ್ನು ಕೂರು ಎನ್ನಲೂ ಇಲ್ಲ.

ಆಗ ನಾನು ಬುದ್ಧಿವಂತಿಕೆ ತೋರಿಸಿದೆ. ನಮ್ಮ ಕಡೆಯ ಬಚ್ಚಲುಮನೆಯಲ್ಲಿ ಹಂಡೆಯ ಒಲೆಯ ಮೇಲೊಂದು ಬಿದಿರಿನ ಅಟ್ಟ ಇರುತ್ತದೆ. ಮಳೆಗಾಲದಲ್ಲಿ ಒಣಗದ್ದೆಲ್ಲ ಒಣಗುವುದು ಅಲ್ಲಿಯೇ. ಕೊಬ್ಬರಿ, ಕಂಬಳಿ, ಶಾಲೆಯ ಪುಸ್ತಕ, ಒಮ್ಮೆ ಹೊಳೆಗೆ ಬಿದ್ದ ಅಪ್ಪನ ರೇಷನ್ ಕಾರ್ಡು, ಎಲ್ಲವೂ ಅಲ್ಲಿ ಒಣಗಿ ಬದುಕಿದ್ದವು. ನಮ್ಮ ಬದಿಯಲ್ಲಿ ಹುಟ್ಟಿದವನಿಗೆ ಆ ಅಟ್ಟದ ಮೇಲಿರುವ ನಂಬಿಕೆ ಡಾಕ್ಟರ ಮೇಲೂ ಇರುವುದಿಲ್ಲ. ಹೆಚ್ಚು ಬೂಸು ಹಿಡಿದದ್ದನ್ನು ಕೊಡಿ, ಎರಡು ದಿನದಲ್ಲಿ ಒಣಗಿಸಿ ತರುತ್ತೇನೆ ಎಂದೆ. ಬೆಂಕಿಯ ಹತ್ತಿರ ಆಗುತ್ತದೆಯೋ ಎಂದು ವಾರಿಜಕ್ಕ ಹಿಂದೆಮುಂದೆ ನೋಡಿದರು. ಬೆಂಕಿ ಎಲ್ಲಿ, ಹೊಗೆ ಅಷ್ಟೇ, ಎಂದು ನಾನೇ ಒತ್ತಾಯ ಮಾಡಿದೆ. ಹನ್ನೊಂದು ಪ್ಲೇಟು ಆರಿಸಿ, ಸೀರೆಯಲ್ಲಿ ಸುತ್ತಿ, ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟೆಯೊಳಗಿಟ್ಟು ಕೊಟ್ಟರು. ಕವರುಗಳನ್ನು ಅಲ್ಲೇ ಇಟ್ಟುಕೊಂಡರು. ಕೊನೆಗೆ ಒಂದು ಕ್ಷಣ ತಡೆದು ದೋಣಿಯ ಚಿತ್ರದ ಪ್ಲೇಟನ್ನೂ ಸೇರಿಸಿ ಹನ್ನೆರಡು ಮಾಡಿದರು, ಬೂಸು ಹೆಚ್ಚು ಹಿಡಿದಿದ್ದದ್ದು ಅದಕ್ಕೇ.

ರಾತ್ರಿಯೇ ಅವನ್ನು ಅಟ್ಟಕ್ಕೆ ಹಾಕಿದೆ. ಬೆಳಿಗ್ಗೆ ಮೀಯಲು ಹೋದವನು ತಲೆ ಎತ್ತಿ ನೋಡಿದೆ. ಹನ್ನೆರಡು ಪ್ಲೇಟುಗಳೂ ಬಿದಿರಿನ ಗಳಗಳ ಮೇಲೆ ನೀರುದೋಸೆ ಇಳಿಬಿಟ್ಟ ಹಾಗೆ ಬಾಗಿದ್ದವು. ಮೈಮೇಲೆ ನೀರು ಹೊಯ್ದುಕೊಳ್ಳದೆ ಅಲ್ಲೇ ಕೂತೆ. ಬೂಸು ಮಾತ್ರ ಪೂರಾ ಹೋಗಿತ್ತು. ಸರಿ ಮಾಡಬಹುದೆಂದು ಅಕ್ಕಿ ಚೀಲದ ಅಡಿಯಲ್ಲಿ ಇಟ್ಟು ನೋಡಿದೆ. ಮೂರು ದಿನದ ನಂತರ ತೆಗೆದರೆ ದೊಡ್ಡ ಬಾಗು ಹೋಗಿ ಸಣ್ಣ ಸಣ್ಣ ಏರಿಳಿತ ಉಳಿದಿತ್ತು. ದೋಣಿಯ ಪ್ಲೇಟು ನಡುವಿನ ತೂತಿನಿಂದ ಅಂಚಿನವರೆಗೆ ಸೀಳಿತ್ತು. ಅಟ್ಟಕ್ಕೆ ಹಾಕುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತಾ ಎಂದಳು ಅಮ್ಮ.

ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಆದರೆ ಮೀಟರ್ ಓದುವ ದಿನ ಬಿಡುವ ಹಾಗಿಲ್ಲ. ನಮ್ಮ ಯಂತ್ರದಲ್ಲಿ ಒಂದು ಅನುಕೂಲ ಇತ್ತು. ಮನೆಗೆ ಬೀಗ ಬಿದ್ದಿದ್ದರೆ ಸಂಖ್ಯೆಯ ಬದಲು ಬೇರೊಂದು ಗುಂಡಿ ಒತ್ತಿದರಾಯಿತು, ಬಾಗಿಲು ಹಾಕಿತ್ತು ಎಂದು ಬಿಲ್ಲಿನಲ್ಲಿ ಬರುತ್ತದೆ, ಹಿಂದಿನ ತಿಂಗಳುಗಳ ಲೆಕ್ಕದ ಮೇಲೆ ಅಂದಾಜು ಬಿಲ್ಲು ಆಗುತ್ತದೆ. ವಾರಿಜಕ್ಕನ ಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಉಳಿದ ಪ್ಲೇಟುಗಳಲ್ಲಿ ಯಾವುದೋ ಒಂದು ಹಾಡುತ್ತಿತ್ತು. ನಾನು ಬೇಲಿಯ ಹೊರಗೇ ನಿಂತು ಆ ಗುಂಡಿ ಒತ್ತಿದೆ, ಚೀಟಿಯನ್ನು ಬೇಲಿಬಾಗಿಲ ದಣಪೆಯ ಸಂದಿಗೆ ಸಿಕ್ಕಿಸಿ ಬೈಕು ಏರಿದೆ. ನನ್ನ ಕೆಲಸದಲ್ಲಿ ಅಷ್ಟರವರೆಗೆ ಒಂದು ಸುಳ್ಳು ಸಂಖ್ಯೆಯನ್ನೂ ಒತ್ತಿದವನಲ್ಲ ಎಂಬ ಜಂಬ ನನಗಿತ್ತು. ಅದೂ ಹೋಯಿತು.

ಮುಂದಿನ ತಿಂಗಳೂ ಹಾಗೇ ಮಾಡುವುದೆಂದು ಬಂದೆ. ಗುಂಡಿ ಒತ್ತಲು ಬೆರಳು ಚಾಚಿದರೆ ದಣಪೆಯ ಆಚೆಗೆ, ಬಾಳೆಯ ಮರೆಯಲ್ಲಿ, ಕೊಡೆ ಹಿಡಿದು ವಾರಿಜಕ್ಕ ನಿಂತಿದ್ದರು. ಇನ್ನೊಂದು ಕೈಯಲ್ಲಿ ಹೋದ ತಿಂಗಳ ಚೀಟಿ ಇತ್ತು. ಬಿಲ್ಲು ಕನ್ನಡದಲ್ಲಿರುವುದರಿಂದ ಅವರಿಗೆ ಓದಲು ಬರುತ್ತಿತ್ತು, ಅದು ನನಗೆ ಹೊಳೆದಿರಲಿಲ್ಲ.

"ಈ ಮನಿ ಬಾಗ್ಲ್ ಹಾಕಿತ್ತಂಬ್ರ್. ನಾನ್ ಎಲ್ಲಿಗ್ ಹೋಯಿದ್ದೆ, ಹೇಳ್ ಕಾಂಬ" ಎಂದರು.

ಹೇಳಿದೆ. ಅಟ್ಟ, ಅಕ್ಕಿ ಚೀಲ, ದೋಣಿಯ ಪ್ಲೇಟಿನ ಸೀಳು, ಎಲ್ಲವನ್ನೂ ಮಳೆಯಲ್ಲಿ ನಿಂತೇ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪ್ಲೇಟು ಹೋದದ್ದಕ್ಕಿಂತ ಬಿಲ್ಲಿನಲ್ಲಿ ನಾನು ಅವರನ್ನು ಮನೆಯಲ್ಲೇ ಇಲ್ಲದವರನ್ನಾಗಿ ಮಾಡಿದ್ದು ಅವರಿಗೆ ನಾಟಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿದರು ಕೂಡ. ನನಗೆ ನಾಚಿಕೆಯಾಯಿತು. ಕೊನೆಗೆ, ಕೆಟ್ಟದ್ದೋ ಒಳ್ಳೆಯದೋ ಹನ್ನೆರಡನ್ನೂ ತಾ, ನೀನೇ ಕೂತು ಕೇಳು, ಎಂದು ಹೇಳಿ ಒಳಗೆ ಹೋದರು. ಆ ತಿಂಗಳ ಮೀಟರನ್ನು ಸರಿಯಾಗಿ ಓದಿ ಬಂದೆ.

ಆ ಶಿಕ್ಷೆ ಹನ್ನೊಂದು ಸಲ ನಡೆಯಿತು. ಭಾನುವಾರ ಮಾತ್ರ ಸಾಲದೆಂದು ಸಂಜೆ ಕೆಲಸ ಮುಗಿಸಿಯೂ ಹೋದೆ. ಸೂಜಿ ಏರಿಳಿಯುತ್ತಿತ್ತು, ಹಾಡಿನವರು ದೋಣಿಯಲ್ಲಿ ಕೂತು ಹಾಡಿದಂತೆ ತೂಗುತ್ತಿದ್ದರು. ಎರಡೂ ಮಗ್ಗುಲು, ಪೂರ್ತಿ, ಮಾತಿಲ್ಲದೆ. ಮೊದಲ ಎರಡು ಪ್ಲೇಟಿಗೆ ಮುಖ ಎತ್ತಿ ಅವರನ್ನು ನೋಡಲೂ ಆಗಲಿಲ್ಲ. ಆರನೆಯದೋ ಏಳನೆಯದೋ ಒಂದು ಶಹನಾಯಿ, ಅದು ತೂಗುವಾಗ ವಾರಿಜಕ್ಕ ಸಣ್ಣಗೆ ನಕ್ಕರು. ಇವನಿಗೆ ಕಡಲ ಗಾಳಿ ಹೊಡೆದಿದೆ ಎಂದರು. ಆಮೇಲೆ ಗೋಳಿಬಜೆಯೂ ಮತ್ತೆ ಬರತೊಡಗಿತು. ಉಳಿದ ಪೆಟ್ಟಿಗೆಗಳನ್ನು ಅಷ್ಟರಲ್ಲಿ ಅವರು ಅಡುಗೆಮನೆಯ ಒಳಗೋಡೆಯ ಕಪಾಟಿಗೆ ಸಾಗಿಸಿ ಉಳಿಸಿಕೊಂಡಿದ್ದರು.

ಹನ್ನೆರಡನೆಯದು ಸೀಳಿದ ಪ್ಲೇಟು. ಗದ್ದೆಗಳಲ್ಲಿ ಪೈರು ಬಣ್ಣ ತಿರುಗಿದ ಸಮಯ, ಮಳೆ ಮಧ್ಯಾಹ್ನದ ಮೇಲೆ ಒಂದು ಸುತ್ತು ಬಂದು ಹೋಗುತ್ತಿತ್ತು. ಇದು ಆಡುವುದಿಲ್ಲವಲ್ಲ, ಇದನ್ನು ಬಿಡುವ ಎಂದೆ. ವಾರಿಜಕ್ಕ ಪ್ಲೇಟನ್ನು ಕೈಗೆ ತೆಗೆದುಕೊಂಡು ಸೀಳಿನ ಮೇಲೆ ಬೆರಳಾಡಿಸಿದರು. ಸಂಜೀವಣ್ಣ ಪೇಟೆಗೆ ಹೋಗಿದ್ದರು.

"ಅದ್ ನನ್ನ ತಲಿಯಂಗಿತ್ತ್. ಕೂಕೋ" ಎಂದರು.

ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿ ಶುರು ಮಾಡಿದರು. ಮೊದಲು ಸೂಜಿ ಪ್ಲೇಟಿಗೆ ತಾಗುವ ಕರಕರ ಸದ್ದನ್ನು ಬಾಯಲ್ಲೇ ಮಾಡಿದರು. ನಗು ಬಂತು, ತಡೆದುಕೊಂಡೆ. ಆಮೇಲೆ ನಗು ಬರಲಿಲ್ಲ. ಮಾತಿಲ್ಲದ ಹಾಡು, ಆ ಭಾಷೆ ಅವರಿಗೂ ಗೊತ್ತಿಲ್ಲವಲ್ಲ. ಗಂಟಲು ಒರಟು, ಮೇಲೆ ಹೋಗುವಾಗ ಒಡೆಯುತ್ತಿತ್ತು. ಆದರೆ ಎಲ್ಲಿ ಹಾಡು ನಿಲ್ಲುತ್ತದೆ, ಎಷ್ಟು ಹೊತ್ತು ಬರೀ ವಾದ್ಯ, ಎಲ್ಲಿ ಹಿಂದಿನವರು ಸೇರುತ್ತಾರೆ, ಯಾವುದನ್ನೂ ಬಿಡಲಿಲ್ಲ. ಒಂದು ಮಗ್ಗುಲು ಮುಗಿಯಿತು. ಕಣ್ಣು ತೆರೆದು, "ಈಗ ತಿರ್ಗ್ಸ್ಕ್" ಎಂದು ಎದ್ದರು. ಸೆರಗಿನಿಂದ ಕೈ ಒರೆಸಿಕೊಂಡು ಖಾಲಿ ಗ್ರಾಮಫೋನಿನ ಹತ್ತಿರ ಹೋಗಿ, ತಿರುಗಿಸಿದಷ್ಟು ಹೊತ್ತು ನಿಂತು, ಬಂದು ಕೂತರು. ಎರಡನೆಯ ಮಗ್ಗುಲು ಹಾಡಿದರು. ಅದರಲ್ಲಿ ಐದು ಹಾಡು.

ಐದನೆಯದು ಬೇರೆಯೇ ಇತ್ತು. ಸಣ್ಣದು. ಮೇಲೆ ಹೋಗುವುದಿಲ್ಲ, ಬಳುಕುವುದಿಲ್ಲ, ಯಾರೋ ಒಂದು ಕೆಲಸ ಮಾಡುತ್ತಾ ತಮ್ಮಷ್ಟಕ್ಕೆ ಗುನುಗಿದ ಹಾಗೆ. ಅವರ ಗಂಟಲು ಅದೊಂದರಲ್ಲಿ ಒಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಕ್ರಮ ಪ್ರಕಾರ ನಾನು ಏನಾದರೂ ಹೇಳಬೇಕಿತ್ತು. ಕೊನೆಯದಕ್ಕೆ ಉಳಿದ ಯಾವುದೂ ಸಮ ಅಲ್ಲ ಎಂದೆ. ಹೌದಾ ಎಂದು ಕೇಳಿ, ಎದ್ದು ಚಾ ಮಾಡಲು ಹೋದರು. ಆ ಚಾಕ್ಕೆ ಸಕ್ಕರೆ ಹಾಕಿರಲಿಲ್ಲ. ಹೊರಡುವಾಗ ದೋಣಿಯ ಚಿತ್ರದ ಖಾಲಿ ಕವರನ್ನು ನನ್ನ ಕೈಗೆ ಕೊಟ್ಟರು.

ಆಮೇಲೆ ನನಗೆ ಬಡ್ತಿ ಬಂತು, ಮೀಟರ್ ಬಿಟ್ಟು ಮೇಜಿನ ಕೆಲಸಕ್ಕೆ ಬ್ರಹ್ಮಾವರಕ್ಕೆ ಬಂದೆ, ಮದುವೆಯೂ ಆಯಿತು. ಫೋನು ಇಡೀ ಲೋಕದ ಹಾಡನ್ನು ಕಿಸೆಯಲ್ಲಿ ತಂದು ಹಾಕಿತು. ಒಂದು ವಾರ ಪೋಲೆಂಡು, ಒಂದು ವಾರ ಮಾಲಿ, ಒಂದು ವಾರ ಬಂಗಾಳದ ಬಾವುಲರು, ಹೀಗೆ ಸುತ್ತುತ್ತಲೇ ಇದ್ದೇನೆ. ಫೋನು ಹೇಳುವ ಜಾತಿಗಳು ನನಗೆ ಇವತ್ತಿಗೂ ತಲೆಗೆ ಹೋಗುವುದಿಲ್ಲ. ಮಸಾಲೆ ಅರೆಯುವಾಗಿನದ್ದು, ಜಗಳ ಮುಗಿದ ಮೇಲಿನದ್ದು ಎಂದರೆ ಹೋಗುತ್ತದೆ. ದೋಣಿಯ ಆಲ್ಬಮ್ಮನ್ನು ಮಾತ್ರ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಈ ಮಳೆಗಾಲದಲ್ಲಿ ಆಫೀಸಿಗೆ ಹೊಸದಾಗಿ ಬಂದವರೊಬ್ಬರು, ಕವರಿನ ಫೋಟೊ ತೆಗೆದರೆ ಫೋನೇ ಹುಡುಕುತ್ತದೆ ಎಂದು ತೋರಿಸಿಕೊಟ್ಟರು. ಸಿಕ್ಕಿತು. ಕೇಳಿದೆ. ಪ್ರತಿ ತಿರುವೂ ನನಗೆ ಗೊತ್ತಿತ್ತು. ಎರಡನೆಯ ಮಗ್ಗುಲಿನಲ್ಲಿ ನಾಲ್ಕು ಹಾಡು ಆಯಿತು, ಫೋನು ಸುಮ್ಮನಾಯಿತು. ಐದನೆಯದು ಇರಲಿಲ್ಲ. ಕವರಿನ ಹಿಂದೆ ನೋಡಿದೆ. ಅಲ್ಲಿಯೂ ಎರಡನೆಯ ಮಗ್ಗುಲಿಗೆ ಸಾಲುಗಳು ನಾಲ್ಕೇ. ಅಷ್ಟು ವರ್ಷ ಕವರು ನನ್ನ ಹತ್ತಿರವೇ ಇತ್ತು, ಎಣಿಸಿರಲಿಲ್ಲ.

ಆ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಕಿರಿಮಂಜೇಶ್ವರಕ್ಕೆ ಹೋದೆ. ಸಂಜೀವಣ್ಣ ಜಗುಲಿಯಲ್ಲಿ ಎಡಗಿವಿ ದಿಂಬಿಗೆ ಕೊಟ್ಟು ಮಲಗಿದ್ದರು. ವಾರಿಜಕ್ಕ ಒಳಗೆ ಕೂತು ಮಲ್ಲಿಗೆ ಕಟ್ಟುತ್ತಿದ್ದರು, ಸೂಜಿ ಕಾಣಿಸದ ವಯಸ್ಸಿಗೆ ಬೆರಳೇ ಸಾಕಾಗಿತ್ತು. ಫೋನನ್ನು ಅವರ ಮುಂದಿಟ್ಟು ಆಲ್ಬಮ್ ಹಾಕಿದೆ. ಹೂವು ಕೈಯಲ್ಲೇ ನಿಂತಿತು. ಮೊದಲ ಮಗ್ಗುಲು ಮುಗಿದು ಫೋನು ತಡವಿಲ್ಲದೆ ಮುಂದಿನದಕ್ಕೆ ಹೋದಾಗ ಮಾತ್ರ ಅವರು ಹುಬ್ಬು ಗಂಟಿಕ್ಕಿದರು. ನಾಲ್ಕನೆಯದು ಮುಗಿಯಿತು. ಐದನೆಯದು ಎಲ್ಲಿ ಎಂದು ಕೇಳಿದೆ.

ಅವರು ಮಲ್ಲಿಗೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಅದ್ ಪ್ಲೇಟಿಂದಲ್ಲ ಮಗಾ. ಪ್ಲೇಟ್ ಹ್ಯಾಂಗೂ ಆಡುದಿಲ್ಲ, ಯಾರಿಗ್ ಗೊತ್ತಾತ್ತ್ ಅಂದ್ಕಂಡ್ ನಾನ್ ಸೇರ್ಸಿದ್ದ್" ಎಂದರು.

ಮುಂಬೈಯ ಆ ಕೋಣೆಯಲ್ಲಿ, ಹಿಟ್ಟು ಲಟ್ಟಿಸುವಾಗ, ತನ್ನಷ್ಟಕ್ಕೆ ಬಂದದ್ದಂತೆ. ಮೂವತ್ತು ವರ್ಷ ಯಾರೆದುರಿಗೂ ಹಾಡಿರಲಿಲ್ಲವಂತೆ. ಇನ್ನೊಮ್ಮೆ ಹಾಡಿ ಎಂದು ಕೇಳಿದೆ, ಬೇಡಿದೆ ಎಂದರೂ ಸರಿ. ಅವರು ಮಂಡಿಗೆ ಕೈ ಊರಿ ಎದ್ದರು, ಮುಂಬಾಗಿಲಿಗೆ ಹೋಗಿ ಜಗುಲಿಯತ್ತ ಒಮ್ಮೆ ಇಣುಕಿದರು, ಎರಡೂ ಕದ ಎಳೆದುಕೊಂಡು ಅಗುಳಿ ಹಾಕಿದರು. ಸೆರಗಿನಿಂದ ಕೈ ಒರೆಸಿಕೊಂಡು ವಾಪಸು ಬಂದು ಗೋಡೆಗೆ ಒರಗಿ ಕೂತರು.

"ಬಾಗ್ಲ್ ಹಾಕಿತ್ತ್ ಅಂದ್ ಬರ್ಕೊ" ಎಂದು ಹೇಳಿ ಶುರು ಮಾಡಿದರು.